ಭಾವನ ನಾಯಿಬಾಗಿಲು

ಸ್ವಂತ ಮನೆಯ ಮುಂಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಬೀದಿಗೆ ಸಿಕ್ಕಿಕೊಂಡ ಗೃಹಸ್ಥರು ನಮ್ಮ ಮಾಲೂರಿನಲ್ಲಿ ಒಬ್ಬರೇ: ನಮ್ಮ ಭಾವ!

ಅವರಿಗೆ ನರಸಾಪುರದ ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಕೆಲಸ. ಅಲ್ಲಿ ಕಾರ್ಡ್ ತೋರಿಸದೆ ಯಾವ ಬಾಗಿಲೂ ತೆರೆಯದು. ಮನೆಯಲ್ಲಿ ನಾಯಿ ಬಾಗಿಲು ಕೆರೆದಾಗಲೆಲ್ಲ ಮಂಡಿನೋವಿನ ಅಕ್ಕ ಎದ್ದು ಬರಬೇಕಿತ್ತು. ಬೇರೆಯವರಾಗಿದ್ದರೆ ಮಂಡಿಗೆ ಎಣ್ಣೆ ತರುತ್ತಿದ್ದರು. ಭಾವ ನಾಯಿಗೆಂದು ಎಲೆಕ್ಟ್ರಾನಿಕ್ ಬಾಗಿಲು ತರಿಸಿದರು! ಅಕ್ಕನ ತೇಗದ ಬಾಗಿಲನ್ನೇ ಕೊರೆದು ಕೂರಿಸಿದರು. ನಾಯಿಯ ಕೊರಳಿನ ಬಿಲ್ಲೆ ಹತ್ತಿರ ಬಂದರೆ ಚಿಲಕ 'ಟಕ್' ಎಂದು ಬಿಡುತ್ತದೆ. ಬೇರೆ ಪ್ರಾಣಿಗೆ ಪ್ರವೇಶವಿಲ್ಲ.

"ಏನ್ ಸಾರ್, ನಾಯಿಗೂ ಗೇಟ್‌ಪಾಸಾ?" ಎಂದ ಎದುರುಮನೆಯವನು.

"ಹೂಂ ಕಣಯ್ಯಾ. ನಿನಗೆ ಮಾತ್ರ ಇಲ್ಲ!"

ನಾಯಿ ಮಾತ್ರ ಆ ಬಾಗಿಲನ್ನು ಮೂಸಿ, ತನಗೆ ಸಂಬಂಧವಿಲ್ಲವೆಂಬಂತೆ ಕೂತಿತು. ಬಿಸ್ಕತ್ತಿಗೂ ಜಗ್ಗಲಿಲ್ಲ. ಭಾವ ಬಿಡುತ್ತಾರೆಯೇ? ಬಿಲ್ಲೆಯನ್ನು ತಾವೇ ಕೊರಳಿಗೆ ಹಾಕಿಕೊಂಡು, ಅಂಬೆಗಾಲಿಟ್ಟು ತೋರಿಸಲು ಹೊರಟರು. ತಲೆ ಹೋಯಿತು. ಭುಜ ಹೋಯಿತು. ಕ್ಯಾಂಟೀನ್ ಊಟದ ಹೊಟ್ಟೆ ಹೋಗಬೇಕಲ್ಲ!

ಒಳಗಿದ್ದ ಅಕ್ಕ ಹಿಟ್ಟು ಮಾಡಿಸಲು ರಾಗಿ ಚೀಲ ಹಿಡಿದು ಹೊರಟಿದ್ದಳು. ಬಾಗಿಲು ಎಳೆದರೆ ಭಾವನೂ ಜೊತೆಗೇ ಬರುತ್ತಾರೆ!

"ರೀ, ಒಳಗೆ ಬರ್ತೀರೋ, ಹೊರಗೆ ಹೋಗ್ತೀರೋ, ಒಂದು ಹೇಳ್ರಿ! ನಾನು ಮಿಷನ್‌ಗೆ ಹೋಗ್ಬೇಕು!"

ಬೀದಿಯ ಕಡೆಯಿಂದ ಪಕ್ಕದ ಮನೆಯ ಅಜ್ಜಿ: "ದೇವುಡಾ! ಬೀಗದ ಕೈ ಮರ್ತ್ರಾ ಸಾಮಿ?"

"ಟ್ರೈನಿಂಗ್ ನಡೀತೈತೆ ಕಣಮ್ಮಾ!" ಎಂದಿತು ಒಳಗೆ ಸಿಕ್ಕಿದ್ದ ತಲೆ. ಹೊರಗೆ ನಾಯಿ ಅವರ ಪಾದ ನೆಕ್ಕುತ್ತಿತ್ತು.

ಆಮೇಲೆ ಬಿಲ್ಲೆ ಭಾವನ ಅಂಗಿ ಜೇಬಿನಲ್ಲೇ ಉಳಿಯಿತು. ಸಂಜೆ ಕಂಪನಿ ಬಸ್ ಇಳಿದು ಬಂದು, ಚಪ್ಪಲಿ ಬಿಡಲು ಬಗ್ಗಿದರೆ 'ಟಕ್'! ಆ ಸದ್ದಿಗೆ ಅಕ್ಕ ಒಲೆಯ ಮೇಲೆ ಟೀಗೆ ನೀರಿಡುತ್ತಿದ್ದಳು. ನಾಯಿಬಾಗಿಲು ಗುರುತಿಸಿದ ಏಕೈಕ ಪ್ರಾಣಿ ಭಾವ!

"ನಾಯಿ ಕಲಿಯಲ್ಲ ಬಿಡಿ ಭಾವ" ಎಂದಿದ್ದೆ.

"ಕಲಿಯುತ್ತೆ ಕಣೋ. ಅದಕ್ಕಿಲ್ಲದ ಅವಸರ ನಿನಗ್ಯಾಕೆ?"

ಈ ಸಲ ರಾಗಿ ಕೊಯ್ಲಿಗೆ ಮುಂಚೆಯೇ ಭಾವ ಹೋಗಿಬಿಟ್ಟರು. ಬೆಳಿಗ್ಗೆ ಎದೆನೋವು ಎಂದರು. ಅಷ್ಟೇ.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ, "ಆ ತೂತು ಮುಚ್ಚಿಸ್ಬಿಡೋ. ನೋಡೋಕಾಗ್ತಿಲ್ಲ" ಎಂದಳು. ಬಡಗಿ ನಾಳೆ ಬರುತ್ತೇನೆಂದ. ಗೂಟದಲ್ಲಿದ್ದ ಅಂಗಿಯ ಜೇಬಿನಿಂದ ಬಿಲ್ಲೆ ತೆಗೆದೆ. ಎಲ್ಲಿಡುವುದೆಂದು ತೋಚದೆ ನಾಯಿಯ ಕೊರಳಿಗೇ ಕಟ್ಟಿದೆ.

ಸಂಜೆ ಎಂದಿನಂತೆ ನಾಯಿ ಕಂಪನಿ ಬಸ್ಸಿಗೆ ಕಾಯಲು ಬೀದಿಯ ತುದಿಗೆ ಹೋಯಿತು. ಬಸ್ಸು ಬಂತು, ಹೋಯಿತು. ಸ್ವಲ್ಪ ಹೊತ್ತಿಗೆ 'ಟಕ್'.

ಅಡುಗೆಮನೆಯಲ್ಲಿ ಪಾತ್ರೆಗೆ ನೀರು ಸುರಿದ ಸದ್ದಾಯಿತು. ಮರುಕ್ಷಣ ಅಕ್ಕ ಓಡಿ ಬಂದಳು.

ನಾಯಿ ತಲೆಯನ್ನು ಒಳಗೆ ತೂರಿಸಿ, ಮೈಯನ್ನು ಹೊರಗೇ ಬಿಟ್ಟು ನಮ್ಮನ್ನು ನೋಡುತ್ತಿತ್ತು.

ಅಕ್ಕ ಆ ಮಂಡಿಯನ್ನು ಹೇಗೋ ಮಡಿಸಿ, ಅದರೆದುರು ನೆಲದ ಮೇಲೆ ಕೂತಳು.

"ಒಳಗೆ ಬರ್ತೀಯೋ, ಹೊರಗೆ ಹೋಗ್ತೀಯೋ, ಒಂದು ಹೇಳೋ..."

ನಾಯಿ ಒಳಗೆ ಬಂತು. ಅದರ ಕೊರಳನ್ನು ತಬ್ಬಿಕೊಂಡೇ ಅಕ್ಕ ನನಗೆ ಹೇಳಿದಳು:

"ಬಡಗಿಗೆ ಬರ್ಬೇಡ ಅನ್ನು."