ಗ್ರೆಗ್ ಕಂಡುಹಿಡಿದ ನನ್ನ ನ್ಯಾಕ್

ಅಧಿಕಾರದಲ್ಲಿರುವವರು ಕೊಡುವ ಹೊಗಳಿಕೆಗೂ ಹೊಣೆಗಾರಿಕೆ ಇರಬೇಕೆಂಬುದು ನನ್ನ ದೃಢವಾದ ನಿಲುವು. ಈ ನಿಲುವಿಗೆ ಬರಲು ನನಗೆ ಎಂಟು ತಿಂಗಳು ಹಿಡಿಯಿತೆಂಬುದನ್ನು ಮಾತ್ರ ಸಂಕೋಚದಿಂದ ಒಪ್ಪಿಕೊಳ್ಳುತ್ತೇನೆ.

ಈ ಹೊರದೇಶದಲ್ಲಿ, ಲಿವೋನಿಯಾ ಎಂಬ ಊರಿನ ನಮ್ಮ ಕಚೇರಿ ಕಾರಿನ ಬ್ರೇಕುಗಳನ್ನು ವಿನ್ಯಾಸ ಮಾಡುತ್ತದೆ. ಸೇರಿದ ವಾರವೇ ಒಂದು ಮೀಟಿಂಗಿನ ಟಿಪ್ಪಣಿ ಬರೆದುಕೊಟ್ಟೆ. ಮ್ಯಾನೇಜರ್ ಗ್ರೆಗ್ ಓದಿ, "ಯೂ ಹ್ಯಾವ್ ಎ ನ್ಯಾಕ್ ಫಾರ್ ದಿಸ್!" ಎಂದ. ಸ್ನಾತಕೋತ್ತರ ಪದವಿಯವರೆಗೂ ನನಗೆ ಎದುರಾಗದಿದ್ದ ಪದ. ನಿಘಂಟು ತೆರೆದೆ: ಯಾರೂ ಕಲಿಸದೆ ತಾನಾಗಿ ಬಂದ ಜಾಣ್ಮೆ. ಎರಡು ಪದವಿಗಳನ್ನು ಬೆವರು ಸುರಿಸಿ ಗಳಿಸಿದವಳಿಗೆ, ಕಲಿಯದೆಯೂ ತನಗೇನೋ ಬರುತ್ತದೆಂಬ ಸುದ್ದಿ ಅಮೃತವಾಯಿತು. ನಮ್ಮ ಮನೆಗಳಲ್ಲಿ ಸಾರು ಚೆನ್ನಾಗಿದೆ ಎಂದವರ ತಟ್ಟೆಗೆ ಇನ್ನೊಂದು ಸೌಟು ಬೀಳಲೇಬೇಕು. ನಾನೂ ಅದೇ ಅಭ್ಯಾಸಬಲದಿಂದ, "ಗುರುವಾರದ್ದನ್ನೂ ನಾನೇ ಬರೆಯುತ್ತೇನೆ" ಎಂದುಬಿಟ್ಟೆ. ಆಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ಯಾವ ಮೀಟಿಂಗಿದ್ದರೂ ಮೂಲೆಯ ಕುರ್ಚಿ ನನ್ನದು. ಬ್ರೇಕನ್ನು ಮುಟ್ಟಿ ತಿಂಗಳುಗಳಾದವು.

ಹತ್ತಿರದ ಊರು ವಿಕ್ಸಮ್‌ನಲ್ಲಿರುವ ನಮ್ಮ ಬ್ರೇಕ್ ಪರೀಕ್ಷಾಲಯದಲ್ಲಿ ಎಂಜಿನಿಯರ್ ಹುದ್ದೆ ಖಾಲಿಯಾಯಿತು. ನಾನು ಓದಿದ್ದೇ ಅದಕ್ಕಾಗಿ, ಅರ್ಜಿ ಹಾಕಿದೆ. ಗ್ರೆಗ್ ಗಾಬರಿಯಾದ. "ನೀನು ಹೋದರೆ ಟಿಪ್ಪಣಿಯ ಗತಿ? ನಿನಗಿರುವ ನ್ಯಾಕ್ ಇಲ್ಲಿ ಇನ್ಯಾರಿಗಿದೆ?"

ಸಂಜೆ ಟ್ರಾಯ್ ಊರಿನಲ್ಲಿರುವ ನನ್ನ ಸುಮಕ್ಕನಿಗೆ ಫೋನ್ ಮಾಡಿ ಕುದಿದೆ. ಅವಳು ಹೆದ್ದಾರಿಯಲ್ಲಿ ಡ್ರೈವ್ ಮಾಡುತ್ತಲೇ ತೀರ್ಪು ಕೊಟ್ಟಳು: "ನಿಂಗೆ ನ್ಯಾಕ್ ಇರೋದು ಬರೆಯೋದ್ರಲ್ಲಲ್ಲ ಕಣೇ, 'ಆಗಲ್ಲ' ಅನ್ನದೇ ಇರೋದ್ರಲ್ಲಿ! ನಮ್ಮ ಮುಂದೆ ಭಾಷಣ ಬಿಗೀತೀಯಲ್ಲ, ಅದನ್ನ ನಾಳೆ ಅವನ ಮುಂದೆ ಬಿಗಿ. ಎಕ್ಸಿಟ್ ಬಂತು, ಇಡ್ತೀನಿ."

ಮರುದಿನ ಬಿಗಿದೆ. "ತಂಡದಲ್ಲಿ ಆರು ಜನ. ಉಳಿದ ಐವರ ಕೈಗೇನಾಗಿದೆ? ಈ ಕೆಲಸವನ್ನು ನನಗೆ ಹಂಚಿದವರು ಯಾರು? ಉತ್ತರ ಬೇಕು."

ಗ್ರೆಗ್ ನನ್ನ ಟಿಪ್ಪಣಿಗಳ ಹಳೆಯ ಕಡತ ತೆರೆದು ತೋರಿಸಿದ. ದಿನಾಂಕಸಮೇತ, ನನ್ನದೇ ನಿರ್ದೋಷವಾದ ಇಂಗ್ಲಿಷಿನಲ್ಲಿತ್ತು: ಗುರುವಾರದ ಹೊಣೆಯನ್ನು ಈಕೆ ತಾನಾಗಿ ಕೇಳಿ ವಹಿಸಿಕೊಂಡಿದ್ದಾಳೆ.

"ಗುರುವಾರ ನನ್ನ ತಪ್ಪು. ಮಿಕ್ಕ ನಾಲ್ಕು ದಿನ?"

ಗ್ರೆಗ್ ಒಂದು ಪುಟ ತಿರುವಿದ, ಇನ್ನೊಂದು ತಿರುವಿದ, ಕಡೆಗೆ ಕಾಫಿ ಕುಡಿದ. "ಸರಿ. ಮುಂದಿನ ವಾರದಿಂದ ಎಲ್ಲರೂ ಸರದಿಯಲ್ಲಿ ಬರೆಯಲಿ. ನೀನು ವಿಕ್ಸಮ್‌ಗೆ ಹೋಗು."

ಬಾಯಿಮಾತನ್ನು ನಂಬುವವಳು ನಾನಲ್ಲ. ಅಲ್ಲೇ ಕೂತು ಬರೆದುಕೊಟ್ಟೆ: ನಿರ್ಣಯ, ಹೊಣೆಗಾರ, ಗಡುವು, ಕೆಳಗೆ ಸಹಿಗೊಂದು ನೇರ ಗೆರೆ. ಓದುತ್ತ ಹೋದಂತೆ ಗ್ರೆಗ್‌ನ ಮುಖ ಅರಳಿತು, ಹುಬ್ಬು ಮೇಲೇರಿತು, ಬಾಯಿ ತೆರೆಯಿತು.

"ಸಹಿ ಮಾತ್ರ ಹಾಕು," ಎಂದೆ. "ಏನನ್ನೂ ಹೇಳಬೇಡ."