ಯಾರೂ ಹೇಳಿಕೊಡಬೇಡಿ!

ಬಸ್ಸು ತಪ್ಪಿಸಿಕೊಳ್ಳಲೆಂದೇ ಬಸ್ ಸ್ಟಾಪಿಗೆ ಹೋಗುವವರು ಚೆನ್ನೈನಲ್ಲಿ ಯಾರಾದರೂ ಇದ್ದರೆ, ಅದು ನಮ್ಮ ಸೋದರತ್ತೆ ಒಬ್ಬರೇ! ಇದಕ್ಕೆಲ್ಲ ಮೂಲ ನನ್ನ ಓದು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಹೇಳಿಕೊಳ್ಳುವುದಕ್ಕೇನು ನಾಚಿಕೆ? ಪಟ್ಟ ಪಾಡು ನನಗೆ ಗೊತ್ತು. ಈಗ ಮನುಷ್ಯರು ಹೇಗೆ ಓದುತ್ತಾರೆ, ಓದಿದ್ದು ಹೇಗೆ ನೆನಪಿನಲ್ಲಿ ನಿಲ್ಲುತ್ತದೆ ಎಂದು ಸಂಶೋಧನೆ ಮಾಡುತ್ತಾ, ಕೀಲ್ಪಾಕಿನಲ್ಲಿ ಅತ್ತೆಯ ಮನೆಯಲ್ಲಿದ್ದೇನೆ. ಅತ್ತೆಯ ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುವವಳು. ಅಜ್ಜಿಯನ್ನು ಕರೆಯುವುದೂ ‘ಪಾಟ್ಟಿ’ ಎಂದೇ. ಅವಳ ತಮಿಳು ಪ್ರಬಂಧ ಶಾಲೆಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಎಂದು ಗೊತ್ತಾದದ್ದೇ ತಡ, ಅತ್ತೆ ಹಟ ಹಿಡಿದರು.

"ಅದನ್ನ ನಾನೇ ಓದ್ಬೇಕು. ಯಾರೂ ಓದಿ ಹೇಳೋದ್ ಬೇಡ."

ತಮಿಳು ಅಕ್ಷರವೇ ಬಾರದಲ್ಲ! ನಾನು ಹೇಳಿದೆ: "ಅತ್ತೆ, ಒಂದನ್ನೇ ಮತ್ತೆ ಮತ್ತೆ ಓದಿದ್ರೆ ಬರಲ್ಲ. ಪುಸ್ತಕ ಮುಚ್ಚಿಟ್ಟು ನೆನಪು ಮಾಡ್ಕೋಬೇಕು. ತಿಣುಕಾಡಿ ನೆನೆಸ್ಕೊಂಡಿದ್ದೇ ಉಳಿಯೋದು."

"ಇದನ್ನ ತಿಳ್ಕೊಳೋಕೆ ಇಷ್ಟು ವರ್ಷ ಓದಿದ್ಯೇನೋ!"

ಅಂದರೇನಂತೆ, ಅಂದಿನಿಂದ ತಿಣುಕಾಟವೇ ಅವರ ವ್ರತವಾಯಿತು. ಮೊಮ್ಮಗಳ ಹಳೆಯ ಪುಸ್ತಕದಲ್ಲಿ ಅಕ್ಷರ ನೋಡಿಕೊಂಡು ಹೊರಟರೆ, ಬಸ್ಸಿನ ಬೋರ್ಡೇ ಪಾಠ. "ನು... ಙ್... ಗಂ..." ಎಂದು ಶುರುಮಾಡಿ "ಬಾಕ್ಕಂ" ಮುಟ್ಟುವಷ್ಟರಲ್ಲಿ ಬಸ್ಸೇ ನುಂಗಂಬಾಕ್ಕಂ ಮುಟ್ಟಿರುತ್ತಿತ್ತು! ಪಕ್ಕದವರು ಪಾಪ, ಎಲ್ಲಿಗೆ ಹೋಗಬೇಕೆಂದು ತಿಳಿಯಲು "ಎಂಗಮ್ಮಾ ಪೋಣುಂ?" ಎಂದರೆ, "ಅಯ್ಯೋ, ಸೊಲ್ಲಾದೀಂಗ! ಹೇಳ್ಬೇಡಿ!" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಟಿ. ನಗರದ ಜವಳಿ ಅಂಗಡಿಯೊಂದರ ಮುಂದೆ ಇವರು ನಿಂತೇ ಇರುವುದನ್ನು ಕಂಡ ವಾಚ್‌ಮನ್ ಕನಿಕರಪಟ್ಟು ಕುರ್ಚಿ ತಂದುಹಾಕಿದ. ಅತ್ತೆ ಕೂತು ಬೋರ್ಡು ಓದಿ ಮುಗಿಸಿ, ಒಳಗೆ ಕಾಲಿಡದೆ ಮನೆಗೆ ಬಂದರು!

"ಸೀರೆ ಎಲ್ಲಿ ಅತ್ತೆ?"

"ಸೀರೆ ಎಲ್ ಹೋಗುತ್ತೆ? ಬೋರ್ಡ್ ಪೂರ್ತಿ ಓದ್ದೆ ಕಣೋ!"

ಕೊನೆಗೆ ಪತ್ರಿಕೆ ಬಂತು. ಎಲ್ಲರೂ ಸುತ್ತ ಕೂತೆವು. ಅತ್ತೆ ಪ್ರಬಂಧದ ತಲೆಬರಹದ ಮೇಲೆ ಬೆರಳಿಟ್ಟರು. "ಎನ್..." ಅಂದರೆ ನನ್ನ. ಮುಂದಿನ ಪದವನ್ನು ಕಣ್ಣಿಗಿಂತ ಮೊದಲು ಮನಸ್ಸು ಓದಿಬಿಡುತ್ತದೆ. ನುರಿತ ಓದುಗರ ಲಕ್ಷಣ ಅದು! "ಎನ್ ಪಾಟ್ಟಿ" ಎಂದರು ಥಟ್ಟನೆ.

ಮೊಮ್ಮಗಳು ಅಲ್ಲವೆಂದು ತಲೆಯಾಡಿಸಿದಳು. ಅವಳಪ್ಪ ಬಾಯಿ ತೆರೆದ. "ಅಪ್ಪಾ, ಸುಮ್ಮಾ ಇರುಂಗ!" ಎಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

ಅತ್ತೆ ಬೆರಳನ್ನು ಹಿಂದಕ್ಕೆ ತಂದರು.

"ಅ... ಜ್... ಜಿ."

ತಮಿಳು ಅಕ್ಷರದಲ್ಲಿ, ನಮ್ಮ ಕನ್ನಡದ ‘ಅಜ್ಜಿ’.

ಅತ್ತೆ ಪತ್ರಿಕೆ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಉಳಿದದ್ದನ್ನೂ ಓದೆಂದು ಮೊಮ್ಮಗಳು ತಮಿಳಿನಲ್ಲಿ ಗೋಗರೆದಳು.

"ನಾಳೆ ಓದ್ತೀನಿ ಕಣೇ," ಎಂದರು ಅತ್ತೆ. "ಇವತ್ತಿಗೆ ಇಷ್ಟು ಸಾಕು."