ಪರಾಗಸ್ಪರ್ಶ ಕಲಿಸಲು ಹೋಗಿ ಪಟ್ಟ ಪಾಡು

ಬೇರೆ ಪಾಠಗಳು ನನ್ನನ್ನು ಯಾವತ್ತೂ ಕಾಡಿದ್ದಿಲ್ಲ. ಅಯಸ್ಕಾಂತ, ಆಮ್ಲಜನಕ, ಕಪ್ಪೆಯ ಜೀವನಚಕ್ರ ಎಲ್ಲ ತಮ್ಮ ಪಾಡಿಗೆ ಬಂದು ಹೋದವು. ಪರಾಗಸ್ಪರ್ಶ ಒಂದು ಮಾತ್ರ ಕ್ಲಾಸಿನಿಂದ ಎದ್ದು ನನ್ನ ಹಿಂದೆಯೇ ಮನೆಗೂ ಬಂತು, ಬೀದಿಗೂ ಬಂತು. ಒಂದು ಹೂವಿನ ಹಳದಿ ಹುಡಿ ಇನ್ನೊಂದು ಹೂವಿನ ನಡುವಿನ ಅಂಟು ತುದಿಗೆ ತಲುಪಿದರೆ ಕಾಯಿ ಕಚ್ಚುತ್ತದೆ, ತಲುಪದಿದ್ದರೆ ಹೂವು ಬಾಡಿ ಉದುರುತ್ತದೆ. ಇರುವುದು ಇಷ್ಟೇ ವಿಷಯ. ಇದನ್ನು ಗುಬ್ಬಿ, ಕುಣಿಗಲ್, ತುಮಕೂರು ಮೂರು ಊರಿನವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಅರ್ಧ ಸರ್ವೀಸು ಮುಗಿದಿತ್ತು. ಅರ್ಥವಾಯಿತೋ ಇಲ್ಲವೋ, ಅದು ಬೇರೆ ಮಾತು.

ಮೊದಲನೇ ಹೂವು, ಎರಡನೇ ಹೂವು

ಎಪ್ಪತ್ತರ ದಶಕದ ನಡುವೆ ಗುಬ್ಬಿಯ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದೆ. ಸೇರಿದ ಎರಡನೇ ತಿಂಗಳಿಗೆ ಹೆಡ್ಮಾಸ್ಟರು ರೂಮಿಗೆ ಕರೆಸಿದರು.

"ಮೇಡಂ, ಬೋರ್ಡ್ ಮೇಲೆ ಗಂಡು ಹೂವು, ಹೆಣ್ಣು ಹೂವು ಅಂತ ಬರೆದಿದೀರಂತೆ."

"ಹೌದು ಸಾರ್. ಕುಂಬಳದ ಬಳ್ಳೀಲಿ ಎರಡೂ ಬೇರೆ ಬೇರೆ ಇರ್ತವೆ."

"ಇರ್ಲಿ, ಬಳ್ಳೀಲಿ ಇರ್ಲಿ. ಹೆಣ್ಣುಮಕ್ಕಳು ಕೂತಿರೋ ಕ್ಲಾಸು. ಆ ಎರಡು ಪದ ಬೇಡ."

"ಪುಸ್ತಕದಲ್ಲೇ ಇದೆಯಲ್ಲ ಸಾರ್."

"ಪುಸ್ತಕ ಬರೆದೋರು ಗುಬ್ಬೀಲಿ ಮನೆ ಮಾಡ್ಕೊಂಡಿಲ್ಲ. ನಾನು ಮಾಡ್ಕೊಂಡಿದೀನಿ. ಮೊದಲನೇ ಹೂವು, ಎರಡನೇ ಹೂವು ಅಂತ ಹೇಳ್ಕೊಡಿ, ಸಾಕು."

ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಹಾಗೇ ಹೇಳಿಕೊಟ್ಟೆ. ಆಮೇಲೆ ನಾಲ್ಕು ದಿನ ಜ್ವರ ಬಂದು ಮಲಗಿದ್ದಾಗ ನನ್ನ ಕ್ಲಾಸನ್ನು ಹೆಡ್ಮಾಸ್ಟರೇ ತೆಗೆದುಕೊಂಡಿದ್ದರು.

ಮುಂದಿನ ತಿಂಗಳು ಇನ್ಸ್‌ಪೆಕ್ಟರು ಬಂದರು. ನನ್ನ ಕೆಲಸ ಅವರ ವರದಿಯ ಮೇಲೆ ನಿಂತಿತ್ತು. ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ, "ಕುಂಬಳಕಾಯಿ ಹೇಗಮ್ಮ ಆಗುತ್ತೆ?" ಅಂದರು.

"ಮೊದಲನೇ ಹೂವಿನ ಹುಡೀನ ಜೇನ್ನೊಣ ಎರಡನೇ ಹೂವಿಗೆ ತಗೊಂಡೋಗುತ್ತೆ ಸಾರ್. ಆಗ ಕಾಯಿ ಕಚ್ಚುತ್ತೆ."

"ಮೊದಲನೇದು ಅಂದ್ರೆ ಯಾವ ಹೂವು, ಎರಡನೇದು ಅಂದ್ರೆ ಯಾವುದು?"

ಹುಡುಗಿ ನನ್ನ ಮುಖ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಹೆಡ್ಮಾಸ್ಟರ ಮುಖ ನೋಡಿದಳು. "ಗೊತ್ತಿಲ್ಲ ಸಾರ್. ಮೇಡಂ ರಜಾ ಇದ್ದಾಗ ಹೆಡ್ಮಾಸ್ಟ್ರನ್ನ ಕೇಳಿದ್ವಿ. ಮದುವೆ ಆದ್ಮೇಲೆ ಗೊತ್ತಾಗುತ್ತೆ ಅಂದ್ರು."

ಮಾರನೇ ದಿನದಿಂದ ನನ್ನ ಬೋರ್ಡಿನ ಮೇಲೆ ಗಂಡು ಹೂವೂ ಇತ್ತು, ಹೆಣ್ಣು ಹೂವೂ ಇತ್ತು.

ನಡೆಯದ ಪರಂಗಿ

ಗುಬ್ಬಿಯಲ್ಲೇ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಹಿತ್ತಲಲ್ಲಿ ಐದು ಪರಂಗಿ ಗಿಡ ಹಾಕಿದ್ದರು. ನಾಲ್ಕು ಕತ್ತಿನ ತನಕ ಕಾಯಿ ಹೊತ್ತು ನಿಂತಿದ್ದವು. ಐದನೆಯದು ಬರೀ ಹೂವಿನ ಎಳೆಗಳನ್ನು ಜೋತುಬಿಟ್ಟುಕೊಂಡಿತ್ತು. ಒಂದು ದಿನ ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಯಜಮಾನರು ಆ ಐದನೆಯದನ್ನು ಕಡಿದು ಮಲಗಿಸಿದ್ದರು.

"ಅದು ಗಂಡು ಗಿಡ. ಅದರ ಹುಡಿ ಇಲ್ದೆ ಮಿಕ್ಕ ನಾಲ್ಕೂ ಕಾಯಿ ಬಿಡಲ್ಲ," ಅಂದೆ.

"ಕಾಯಿ ಬಿಡ್ದೆ ಸುಮ್ನೆ ನೀರು ಕುಡೀತಿತ್ತು ಕಣಮ್ಮ. ಸೋಮಾರಿ."

ಮುಂದೆ ನಾಲ್ಕೂ ಗಿಡದಲ್ಲಿ ಹೂವೇನೋ ಬಂತು, ಕಾಯಿ ಕಚ್ಚಲಿಲ್ಲ. ನಾನು ಬಟ್ಟೆ ಒಗೆದ ಸೋಪಿನ ನೀರಿನಿಂದ ಹೀಗಾಯಿತು ಅಂತ ಬೀದಿಯಲ್ಲೆಲ್ಲ ಸುದ್ದಿಯಾಯಿತು. ನಾನು ಕೂರಿಸಿಕೊಂಡು ಮೂರು ಸಂಜೆ ವಿವರಿಸಿದ ಮೇಲೆ ಯಜಮಾನರು ಒಪ್ಪಿ ಹತ್ತು ಹೊಸ ಸಸಿ ನೆಟ್ಟರು. ಅವು ಗೇಣುದ್ದ ಆಗುತ್ತಲೇ ನನ್ನನ್ನು ಕರೆದರು.

"ಇದ್ರಲ್ಲಿ ಗಂಡು ಯಾವ್ಯಾವ್ದು ತೋರ್ಸಿ. ಒಂದು ಬಿಟ್ಟು ಮಿಕ್ಕ ಗಂಡೆಲ್ಲ ಕಿತ್ತಾಕ್ತೀನಿ."

"ಹೂವು ಬಿಡೋ ತನಕ ಹೇಳಕ್ಕಾಗಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿ.ಎಸ್ಸಿ. ಅಂತೀರ. ನಮ್ಮ ಸೂಲಗಿತ್ತಿ ಒಂದಕ್ಷರ ಓದಿಲ್ಲ. ಬಸುರಿ ನಡಿಗೆ ನೋಡಿ ಹೇಳಿಬುಡ್ತಾಳೆ."

"ಇವು ನಡೆದ್ರೆ ನಾನೂ ಹೇಳ್ತೀನಿ," ಅಂದು ಒಳಗೆ ಬಂದೆ.

ಕೈಗುಣ

ಕುಣಿಗಲ್ಲಿಗೆ ವರ್ಗವಾದಾಗ ಅತ್ತೆಯೂ ನಮ್ಮ ಜೊತೆಗೆ ಬಂದರು. ನಮ್ಮ ಬೀದಿಯಲ್ಲಿ ಮನೆಗೊಂದು ಕುಂಬಳದ ಬಳ್ಳಿ. ಎದುರುಮನೆಯಲ್ಲಿ ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರು. ಅವರ ಹುಣಸೇಮರದಲ್ಲಿ ದೊಡ್ಡ ಜೇನುಗೂಡಿತ್ತು. ಒಂದು ನೊಣ ಅವರ ಕಿವಿಗೆ ಕಚ್ಚಿತು ಅಂತ ಹೊಗೆ ಹಾಕಿಸಿ ಇಡೀ ಗೂಡನ್ನೇ ಸುಟ್ಟರು. ಆ ವರ್ಷ ಬೀದಿಯ ಕುಂಬಳದ ಪಿಂದೆಗಳೆಲ್ಲ ಹೆಬ್ಬೆರಳ ಗಾತ್ರಕ್ಕೆ ಬಂದು ಹಳದಿಯಾಗಿ ಉದುರಿದವು.

ಅತ್ತೆಯ ಸಪ್ಪೆ ಮುಖ ನೋಡಲಾರದೆ ನಾನೇ ಕೆಲಸಕ್ಕೆ ಇಳಿದೆ. ಕುಂಬಳದ ಹೂವು ಬೆಳಿಗ್ಗೆ ಬೇಗ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಆರು ಗಂಟೆಗೆ ಎದ್ದು, ಒಂದು ಗಂಡು ಹೂವು ಕಿತ್ತು, ದಳ ಬಿಡಿಸಿ, ಅದರ ಹುಡಿಯನ್ನು ಹೆಣ್ಣು ಹೂವಿನ ಒಳಗೆ ಮೆತ್ತಗೆ ಸವರುತ್ತಿದ್ದೆ. ಬುಡದಲ್ಲಿ ಪುಟ್ಟ ಪಿಂದೆ ಇದ್ದರೆ ಅದು ಹೆಣ್ಣು ಹೂವು, ಗುರುತು ಸುಲಭ. ತಿಂಗಳೊಳಗೆ ನಮ್ಮ ಚಪ್ಪರದಲ್ಲಿ ಮಾತ್ರ ಏಳು ಕಾಯಿ ತೂಗಿದವು.

ಅತ್ತೆ ಇದನ್ನು ವಿಜ್ಞಾನ ಅನ್ನಲಿಲ್ಲ. "ನಮ್ಮ ಸೊಸೆ ಕೈಗುಣ," ಅಂತ ಬಾವಿಕಟ್ಟೆಯಲ್ಲಿ ಹೇಳಿಬಂದರು. ಮಾರನೇ ಬೆಳಿಗ್ಗೆ ಬಾಗಿಲಲ್ಲಿ ಐದು ಜನ ಹೆಂಗಸರು.

"ನೀವೇ ಮಾಡ್ಕೋಬಹುದು ಕಣ್ರಮ್ಮ, ಬನ್ನಿ ತೋರಿಸ್ತೀನಿ," ಅಂದೆ.

"ನಮ್ ಕೈಲಿ ಎಲ್ಲಾದೀತು ಟೀಚರಮ್ಮ. ನೀವು ಮುಟ್ಟಿದ್ರೇನೇ ಆಗೋದು."

ಹೀಗೆ ಐದು ಮನೆ ಹನ್ನೊಂದಾಯಿತು, ದಿನಾ ಅಷ್ಟೂ ಮನೆ ಸುತ್ತಿ ಸ್ಕೂಲಿಗೆ ಓಡುತ್ತಿದ್ದೆ. ಸೆರಗಿನ ತುಂಬ ಹಳದಿ ಕಲೆ. ಲೇಟಾದ್ದಕ್ಕೆ ಕಾರಣ ಬರೆಯಿರಿ ಅಂತ ಹಾಜರಿ ಪುಸ್ತಕ ಮುಂದಿಟ್ಟಾಗ ಏನು ಬರೆಯಲಿ? ಹೊಟ್ಟೆನೋವು ಅಂತಲೇ ಬರೆದೆ.

ಹನ್ನೆರಡನೆಯವರಾಗಿ ಬಂದದ್ದು ಕಂಡಕ್ಟರು. "ನಮ್ ಬಳ್ಳೀಗೂ ಒಸಿ ಕೈ ಆಡ್ಸಿಬುಡಿ ಟೀಚರಮ್ಮ."

ತಡೆಯಲಾಗಲಿಲ್ಲ. "ಆ ಜೇನುಗೂಡು ನೀವು ಸುಡದಿದ್ರೆ, ಇಡೀ ಬೀದಿ ಕೆಲಸ ಆ ನೊಣಗಳೇ ಮಾಡ್ತಿದ್ವು ಯಜಮಾನ್ರೇ. ಈಗ ನಾನು ಮಾಡ್ತಿದೀನಿ."

ಅವರು ಕಿವಿ ಸವರಿಕೊಂಡು ಶಾಂತವಾಗಿ ಹೇಳಿದರು: "ಅವು ಕಚ್ತವೆ ಕಣಮ್ಮ. ನೀವು ಕಚ್ಚಾಕಿಲ್ವಲ್ಲ."

ಆ ಗಳಿಗೆಯಲ್ಲಿ ನನಗೆ ಆ ಭರವಸೆ ಇರಲಿಲ್ಲ.

ಡ್ರಿಲ್ ಮೇಷ್ಟ್ರ ಹಾರಾಟ

ಎಂಬತ್ತರ ದಶಕಕ್ಕೆ ತುಮಕೂರಿಗೆ ಬಂದಿದ್ದೆ. ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂದೇ ಒಂದು ಮೈಕ್ರೋಸ್ಕೋಪ್ ಇತ್ತು, ಅದರ ಗಾಜು ಒಡೆದಿತ್ತು. ಊರಾಚೆ ಸತ್ಯಮಂಗಲದ ಕಡೆ ಕಾರ್ಖಾನೆ ಇಟ್ಟಿದ್ದ ಒಬ್ಬ ಸಾಹೇಬರು, "ಸ್ಕೂಲ್ ಡೇಗೆ ಬರ್ತೀನಿ, ಮಕ್ಕಳು ವಿಜ್ಞಾನ ಕಲೀತಿದ್ದಾರೆ ಅನ್ನಿಸಿದ್ರೆ ಎರಡು ಹೊಸದು ಕೊಡಿಸ್ತೀನಿ," ಅಂದಿದ್ದರು. ಅನ್ನಿಸಲೇಬೇಕು ಅಂತ ಹಟ ಹಿಡಿದು ಪರಾಗಸ್ಪರ್ಶದ ಮೇಲೆ ಒಂದು ರೂಪಕ ಮಾಡಿಸಿದೆ. ವೇದಿಕೆಯ ಎಡಗಡೆ ಬಣ್ಣದ ಕಾಗದದ ಗಂಡು ಹೂವು, ಬಲಗಡೆ ಹೆಣ್ಣು ಹೂವು. ಪರಾಗಕ್ಕೆ ಒಂದು ಬಟ್ಟಲು ಅರಿಶಿನ.

ಹಿಂದಿನ ದಿನ ಜೇನ್ನೊಣದ ಪಾತ್ರದ ಹುಡುಗಿಗೆ ಮೈತುಂಬ ಗುಳ್ಳೆ ಎದ್ದು ಅಮ್ಮ ಆಯಿತು. ಬೇರೆ ಯಾರಿಗೂ ಹೆಜ್ಜೆ ಬಾರದು. ಹೆಜ್ಜೆ ಕಲಿಸಿದವರು ಡ್ರಿಲ್ ಮೇಷ್ಟ್ರು. ಅವರಿಗೇ ರೆಕ್ಕೆ ಕಟ್ಟಿದೆವು. ಅವರ ಹೊಟ್ಟೆಗೆ ಸುತ್ತಲು ಕಪ್ಪು ಪಟ್ಟಿ ಸಾಲದೆ ಕೊಡೆಯ ಬಟ್ಟೆ ಬಿಚ್ಚಿದ್ದಾಯಿತು. ಕೊನೇ ಗಳಿಗೆಯಲ್ಲಿ ಕನ್ನಡ ಪಂಡಿತರು, "ಜೇನ್ನೊಣ ಕನ್ನಡಕ ಹಾಕುವುದಿಲ್ಲ," ಅಂತ ಅವರ ಕನ್ನಡಕ ಕಿತ್ತಿಟ್ಟುಕೊಂಡರು. ಕನ್ನಡಕವಿಲ್ಲದೆ ಡ್ರಿಲ್ ಮೇಷ್ಟ್ರಿಗೆ ಮಾರುದೂರ ಕಾಣಿಸದು. ನನಗೆ ಅದು ಗೊತ್ತಿರಲಿಲ್ಲ.

ಸಾಹೇಬರು ಬಿಳಿ ಶೇರ್ವಾನಿ ತೊಟ್ಟು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೊರಳಲ್ಲಿ ನಾವೇ ಹಾಕಿದ ಮಾರುದ್ದದ ಸೇವಂತಿಗೆ ಹಾರ. ಪಕ್ಕದಲ್ಲಿ ಅವರ ಶ್ರೀಮತಿ. ಡ್ರಿಲ್ ಮೇಷ್ಟ್ರು ಗಂಡು ಹೂವಿನ ಹತ್ತಿರ ಚೆನ್ನಾಗಿಯೇ ಹಾರಿ, ಎರಡೂ ಕೈ ತುಂಬ ಅರಿಶಿನ ಮೆತ್ತಿಕೊಂಡರು. ತಿರುಗಿದರು, ನಿಂತರು, ಮೂಗರಳಿಸಿದರು. ಕಾಗದದ ಹೂವನ್ನು ಬಿಟ್ಟು ಗುಂಯ್ ಅನ್ನುತ್ತಾ ಮೆಟ್ಟಿಲಿಳಿದು ಹೋಗಿ ಸಾಹೇಬರ ಎರಡೂ ಕೆನ್ನೆಗೆ, ಎದೆಗೆ, ಭುಜಕ್ಕೆ ಅಚ್ಚುಕಟ್ಟಾಗಿ ಪರಾಗಸ್ಪರ್ಶ ಮಾಡಿದರು.

ಪರದೆಯ ಹಿಂದೆ ನಿಂತು ಎಲ್ಲ ನೋಡಿದೆ. ಮೈಕ್ರೋಸ್ಕೋಪ್ ಹೋಯಿತು, ಕೆಲಸ ಉಳಿದರೆ ಸಾಕು ಅನ್ನಿಸಿತು. ಹಿಂತಿರುಗಿ ಬಂದ ಮೇಷ್ಟ್ರನ್ನು, "ಏನ್ ಮಾಡಿದ್ರಿ ಸಾರ್?" ಅಂತ ಕೇಳಿದರೆ, "ಹೂವಿನ ವಾಸನೆ ಅಲ್ಲಿಂದ ಬಂತಲ್ಲ ಮೇಡಂ," ಅಂದರು. ಜೇನ್ನೊಣವಾಗಿ ಅವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನಿಂದಾಗಲಿಲ್ಲ.

ಸಾಹೇಬರು ಎದ್ದು ನಿಧಾನವಾಗಿ ಮೈಕಿನ ಮುಂದೆ ನಿಂತರು. ಮುಖವೆಲ್ಲ ಹಳದಿ.

"ಮೈಕ್ರೋಸ್ಕೋಪ್ ಎರಡಲ್ಲ, ಮೂರು ಕೊಡಿಸ್ತೀನಿ. ಆದ್ರೆ ಈ ವಯಸ್ಸಲ್ಲಿ ನನಗೆ ಅರಿಶಿನ ಹಚ್ಚಿಬಿಟ್ರಿ. ಹುಡುಗಿ ಯಾರು ಅಂತಾನೂ ಹೇಳಿಬಿಡಿ."

ಕುರ್ಚಿಯಲ್ಲಿದ್ದ ಅವರ ಶ್ರೀಮತಿ ಕೂತಲ್ಲಿಂದಲೇ ಹೇಳಿದರು: "ಯಾರಾದ್ರೂ ಆಗ್ಲಿ. ಮೊದ್ಲು ಬಂದು ಈ ಶೇರ್ವಾನಿ ಒಗೆದುಕೊಡ್ಲಿ."